ಗುಂಪು ಸವಾರಿ, ಮುಚ್ಚಿದ ಬೀದಿ, ದಿನದ ಜೊತೆ: ಬಳ್ಳಾರಿಯಲ್ಲಿ ಯಾವುದು ಫಲ ಕೊಟ್ಟಿತು?

ಬಳ್ಳಾರಿಯಲ್ಲಿ ಜನ ಕಾರು ಬಿಟ್ಟು ಸೈಕಲ್ ಹತ್ತಲಿ ಅಂತ ನಮ್ಮ ಸೈಕಲ್ ಗುಂಪು ಮೂರು ದಾರಿ ಹಿಡಿಯಿತು: ತಿಂಗಳಿಗೊಮ್ಮೆ ಗುಂಪು ಸವಾರಿ, ಕೆಲವು ಗಂಟೆ ಬೀದಿಯನ್ನು ಕಾರಿಗೆ ಮುಚ್ಚುವುದು, ದಿನದ ಜೊತೆ ಸವಾರಿ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ದಿನದ ಜೊತೆ ಸವಾರಿಗೆ. ಅಂದರೆ ಬೆಳಿಗ್ಗೆ ಕೆಲಸಕ್ಕೆ ಹೋಗುವವರು ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ, ಸೈಕಲ್ ಮೇಲೆ ಒಟ್ಟಿಗೆ ಹೋಗುವುದು. ಬ್ಯಾನರ್ ಇಲ್ಲ, ಮೈಕ್ ಇಲ್ಲ. ಉಳಿದ ಎರಡು ದಾರಿಗಳನ್ನೂ ನಮ್ಮ ಗುಂಪು ಮಾಡಿ ನೋಡಿದೆ. ಸೈಕಲ್‌ನಿಂದ ಆರೋಗ್ಯ, ಪರಿಸರ ಅನ್ನೋದೆಲ್ಲ ನಿಮಗೆ ಗೊತ್ತೇ ಇದೆ, ಅದನ್ನು ಬಿಡೋಣ.

ನಮ್ಮೂರಿನ ಕಥೆ ಸ್ವಲ್ಪ ಬೇರೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಗಣಿಗಾರಿಕೆಗೆ ತಡೆ ಹಾಕುವ ತನಕ ಅದಿರಿನ ದುಡ್ಡು ಹೇಗೆ ಓಡಾಡಿತು ಅಂತ ಕಂಡವರಿಗೆ ಗೊತ್ತು. ಆಗ ಮನುಷ್ಯನ ಬೆಲೆ ಕಟ್ಟುತ್ತಿದ್ದುದು ಕಾರು ನೋಡಿ. ಆ ಚಾಳಿ ಇನ್ನೂ ಹೋಗಿಲ್ಲ. ನಡುವಯಸ್ಸಿನವನು ಸೈಕಲ್ ಮೇಲೆ ಕಂಡರೆ "ಯಾಕಣ್ಣಾ, ಗಾಡಿ ರಿಪೇರಿಗೆ ಬಿಟ್ಟಿದ್ದೀಯಾ?" ಅಂತ ಕೇಳುತ್ತಾರೆ. ಕಾರು ಬಿಡೋಕೆ ಇಲ್ಲಿ ಅಡ್ಡ ಬರುವುದು ಬಿಸಿಲಿಗಿಂತ ಜಾಸ್ತಿ ಈ ನಾಚಿಕೆ. ಹಾಗಾಗಿ ನಾನು ಮೂರನ್ನೂ ನೋಡಿದ್ದು ಒಂದೇ ಲೆಕ್ಕದಲ್ಲಿ: ಯಾವುದರಿಂದ ಈ ನಾಚಿಕೆ ಬಿಡುತ್ತದೆ?

ಗುಂಪು ಸವಾರಿ ಹುಟ್ಟಿದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, 1992ರ ಸೆಪ್ಟೆಂಬರ್‌ನಲ್ಲಿ. ಹೆಸರು ಕ್ರಿಟಿಕಲ್ ಮಾಸ್. ನಾಯಕರಿಲ್ಲ, ತಿಂಗಳ ಕೊನೆಯ ಶುಕ್ರವಾರ ಸಂಜೆ ಸೇರಿ ಹೊರಡುತ್ತಾರೆ, ಅಷ್ಟೆ. ಸರ್ಕಲ್ ಬಂದಾಗ ಒಂದಿಬ್ಬರು ಪಕ್ಕದ ರಸ್ತೆಗೆ ಸೈಕಲ್ ಅಡ್ಡ ನಿಲ್ಲಿಸಿ, ಗುಂಪು ಪೂರ್ತಿ ದಾಟುವವರೆಗೆ ಗಾಡಿಗಳನ್ನು ತಡೆಯುತ್ತಾರೆ. ನಾವೂ ಮೋತಿ ಸರ್ಕಲ್‌ನಲ್ಲಿ ಹಾಗೇ ಮಾಡಿದೆವು. ಅಡ್ಡ ನಿಂತವನು ನಾನೇ. ನನ್ನೆದುರು ಬಂದು ನಿಂತವರು ಯಾರು ಅಂತೀರಿ? ಜೀನ್ಸ್ ಪ್ಯಾಂಟಿನ ಗಂಟು ಹೇರಿಕೊಂಡ ಟಿವಿಎಸ್‌ನವನು, ಎರಡು ಆಟೋ, ಬಾಳೆಹಣ್ಣಿನ ತಳ್ಳುಗಾಡಿಯವರು. ಕಾರಿನವರು ಹಿಂದೆಲ್ಲೋ ಎಸಿ ಹಾಕಿಕೊಂಡು ಆರಾಮಾಗಿದ್ದರು. "ನಿಮಗೆ ಸಂಜೆ ಆಟ ಸರ್, ನಮಗೆ ಹೊಟ್ಟೆಪಾಡು" ಅಂದ ಟಿವಿಎಸ್‌ನವನು. ಅವನ ಮಾತಿಗೆ ಉತ್ತರ ನನಗೆ ಇವತ್ತಿಗೂ ಹೊಳೆದಿಲ್ಲ.

ಆದರೆ ಗುಂಪು ಸವಾರಿ ನಿಜವಾಗಿ ನೆಲಕಚ್ಚಿದ್ದು ಮುಳ್ಳಿನಿಂದ. ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದ ಗಿಡ. ಈಗ ಖಾಲಿ ಸೈಟು, ರೈಲು ಹಳಿ ಪಕ್ಕ, ಹಳ್ಳದ ದಂಡೆ, ಎಲ್ಲಿ ನೋಡಿದರೂ ಅದೇ. ಸೌದೆಗೆ ಕಡಿದು ಟ್ರ್ಯಾಕ್ಟರ್‌ನಲ್ಲಿ ಒಯ್ಯುವಾಗ ಮುಳ್ಳು ರಸ್ತೆಯ ಅಂಚಿಗೆ ಉದುರುತ್ತದೆ. ಸೈಕಲ್ ಹೋಗುವುದೂ ಅಂಚಿನಲ್ಲೇ ಅಲ್ವಾ?

ಗುಂಪಿನ ನಿಯಮ ಏನೆಂದರೆ ಯಾರನ್ನೂ ಬಿಟ್ಟು ಹೋಗಬಾರದು. ಹಾಗಾಗಿ ಒಬ್ಬರ ಗಾಳಿ ಹೋದರೆ ಎಲ್ಲರೂ ನಿಲ್ಲಬೇಕು. ಪಂಚರ್ ಹಾಕುವುದೇನೂ ದೊಡ್ಡ ಕೆಲಸವಲ್ಲ. ಟ್ಯೂಬ್ ತೆಗೆದು ಉಜ್ಜಿ, ಸಲ್ಯೂಷನ್ ಹಚ್ಚಿ, ಪ್ಯಾಚ್ ಒತ್ತಿದರೆ ಮುಗಿಯಿತು. ಕಾಟ ಇರುವುದು ಮುಳ್ಳಿನ ತುದಿಯಲ್ಲಿ. ಹೊರಗಿನ ಭಾಗ ಮುರಿದು ಬಿದ್ದುಹೋಗುತ್ತದೆ, ತುದಿ ಮಾತ್ರ ಟೈರಿನ ರಬ್ಬರಿನಲ್ಲೇ ಕೂತಿರುತ್ತದೆ. ಕಣ್ಣಿಗೆ ಕಾಣಲ್ಲ. ಟೈರಿನ ಒಳಮೈ ಪೂರ್ತಿ ಬೆರಳಿನಿಂದ ಮೆಲ್ಲಗೆ ಸವರುತ್ತಾ ಹೋಗಬೇಕು. ಬೆರಳಿಗೆ ಚುಚ್ಚಿದ ಕಡೆ ಟೈರನ್ನು ಮಡಿಚಿ, ಚಿಮಟ ಹಾಕಿ ಕೀಳಬೇಕು.

ಬೀದಿದೀಪದ ಕೆಳಗೆ, ಸುತ್ತ ನಿಂತವರು "ಆಯ್ತಾ, ಆಯ್ತಾ" ಅನ್ನುತ್ತಿದ್ದರೆ ಇಷ್ಟು ತಾಳ್ಮೆ ಯಾರಿಗಿರುತ್ತದೆ? ಸುಮ್ನೆ ಪ್ಯಾಚ್ ಒತ್ತಿ ಹೊರಡುತ್ತಾರೆ. ಎರಡು ಫರ್ಲಾಂಗ್ ದಾಟುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ಟುಸ್. ಇನ್ನೊಂದು ಸಲ ಎಲ್ಲರೂ ಇಳಿಯಬೇಕು. ಅಷ್ಟೊತ್ತಿಗೆ ಒಬ್ಬೊಬ್ಬರಾಗಿ "ಮನೇಲಿ ಕಾಯ್ತಿದ್ದಾರೆ" ಅಂತ ಜಾರಿಕೊಳ್ಳುತ್ತಾರೆ. ಒಂದು ಸಂಜೆಯಂತೂ ಗೆಳೆಯನ ಸೈಕಲ್ ಒಯ್ಯೋಕೆ ಅವನ ಭಾವನ ಕಾರೇ ಬಂತು. ಕಾರಿನ ವಿರುದ್ಧದ ಸವಾರಿಗೆ ಇದಕ್ಕಿಂತ ಮರ್ಯಾದೆ ಬೇಕಾ! ಟ್ಯೂಬಿನೊಳಗೆ ಹಾಕುವ ಸೀಲಂಟ್ ಸಣ್ಣ ತೂತಿಗೆ ಪರವಾಗಿಲ್ಲ. ಆದರೆ ತಿಂಗಳಿಗೊಮ್ಮೆ ಬರುವವರು ಅದಕ್ಕೆ ದುಡ್ಡು ಹಾಕಲ್ಲ.

ಇನ್ನು ಬೀದಿಯನ್ನೇ ಕೆಲವು ಗಂಟೆ ಕಾರಿಗೆ ಮುಚ್ಚುವುದು. ಕೊಲಂಬಿಯಾದ ಬೊಗೊಟಾದಲ್ಲಿ ಇದು 1974ರಲ್ಲೇ ಶುರುವಾಯಿತು. ಈಗ ಅಲ್ಲಿ ಭಾನುವಾರ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ 100 ಕಿ.ಮೀ.ಗೂ ಜಾಸ್ತಿ ರಸ್ತೆ ಸೈಕಲ್‌ನವರದ್ದು, ನಡೆಯುವವರದ್ದು. ಬೆಂಗಳೂರಿನಲ್ಲೂ 2013ರಲ್ಲಿ ಸೈಕಲ್ ದಿನ ಶುರು ಮಾಡಿದ್ದರು. ನಾವು ಅರ್ಜಿ ಕೊಟ್ಟು, ಓಡಾಡಿ, ಒಂದು ಓಣಿ ಮುಚ್ಚಿಸಿದೆವು. ಮಕ್ಕಳಿಗೆ ಹಬ್ಬ. ನಡುಬೀದಿಯಲ್ಲೇ ಕುಂಟೆಬಿಲ್ಲೆ ಆಡಿದರು. ದೊಡ್ಡವರು ಮಾತ್ರ ನೋಡೋಕೆ ಕಾರಿನಲ್ಲೇ ಬಂದು ಪಕ್ಕದ ಓಣಿ ತುಂಬಿಸಿದರು. ಸೋಮವಾರ ಎಲ್ಲ ಮಾಮೂಲು.

ದಿನದ ಜೊತೆ ಸವಾರಿಗೆ ಮಾದರಿ ಸ್ಪೇನಿನ ಬಾರ್ಸಿಲೋನಾದ ಶಾಲಾ ಮಕ್ಕಳು. 2021ರಲ್ಲಿ ಅಲ್ಲಿ ಅಪ್ಪ ಅಮ್ಮಂದಿರು ಮಕ್ಕಳ ಜೊತೆ ಸೈಕಲ್ ಸಾಲು ಕಟ್ಟಿ ಶಾಲೆಗೆ ಹೊರಟರು. ಬಸ್ಸಿನ ಹಾಗೆ ಹೊತ್ತು, ದಾರಿ ಗೊತ್ತು ಮಾಡಿದ್ದು. ದಾರಿಯಲ್ಲಿ ಸಿಕ್ಕವರು ಸೇರಿಕೊಳ್ಳುತ್ತಾರೆ. ನಮ್ಮಲ್ಲಿ ಗಾಂಧಿನಗರದಿಂದ ಇಬ್ಬರು ಹೊರಡುತ್ತೇವೆ. ದುರ್ಗಮ್ಮ ಗುಡಿ ಹತ್ತಿರ ಇನ್ನಿಬ್ಬರು ಕಾದಿರುತ್ತಾರೆ. ರಾಯಲ್ ಸರ್ಕಲ್ ಮುಟ್ಟುವಷ್ಟರಲ್ಲಿ ಒಂದು ಸಾಲೇ ಆಗಿರುತ್ತದೆ. ನಾಲ್ಕು ಜನ ಮಾತಾಡಿಕೊಂಡು ಹೋಗುತ್ತಿದ್ದರೆ ಗಾಡಿ ರಿಪೇರಿ ಅಂತ ಯಾರೂ ಕೇಳಲ್ಲ. ಆಸ್ಪತ್ರೆ ಡ್ಯೂಟಿಗೆ ಹೋಗುವ ಅಕ್ಕ ಒಬ್ಬರು ಮಗಳ ಸೈಕಲ್ ತಂದರು. 2006-07ರಲ್ಲಿ ಶುರುವಾದ ಯೋಜನೆಯಲ್ಲಿ 8ನೇ ತರಗತಿಯವರಿಗೆ ಸರ್ಕಾರ ಕೊಡುತ್ತಿತ್ತಲ್ಲ, ಅದು. ಮಾಳಿಗೆ ಮೆಟ್ಟಿಲ ಕೆಳಗೆ ಗಾಳಿಯಿಲ್ಲದೆ ಬಿದ್ದಿತ್ತಂತೆ. ನಮ್ಮ ಯಾವ ಬ್ಯಾನರೂ ಅವರನ್ನು ರಸ್ತೆಗೆ ಕರೆದಿರಲಿಲ್ಲ. ಬೆಳಿಗ್ಗೆ ಜೊತೆಗೆ ಇನ್ನೊಬ್ಬ ಹೆಣ್ಣುಮಗಳು ಇರುತ್ತಾಳೆ ಅಂತ ಗೊತ್ತಾದ ಮೇಲೆ ಬಂದರು.

ಮುಳ್ಳು ಇಲ್ಲೂ ಇದೆ. ಆದರೆ ದಾರಿ ಒಂದೇ ಆದ್ದರಿಂದ ಪಂಚರ್ ಅಂಗಡಿಯೂ ಗೊತ್ತಿರುತ್ತದೆ. ಸೈಕಲ್ ಅಲ್ಲಿ ಬಿಟ್ಟು, ಕ್ಯಾರಿಯರ್ ಇರುವವರ ಹಿಂದೆ ಡಬಲ್ ಕೂತು ಹೋಗುವುದು. ಸಂಜೆ ಬರುವಾಗ ಸೈಕಲ್ ರೆಡಿ, ಮುಳ್ಳಿನ ತುದಿಯನ್ನೂ ಅಂಗಡಿಯವರೇ ಹುಡುಕಿ ತೆಗೆದಿರುತ್ತಾರೆ.

ಮಳೆಗಾಲದಲ್ಲಿ ಅಂಡರ್‌ಬ್ರಿಡ್ಜ್‌ನಲ್ಲಿ ನೀರು ನಿಂತರೆ ಸುತ್ತು ಹೊಡೆಯಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ಸಂಜೆ ವಾಪಸ್ ಬರುವುದು ಅವರವರ ಅನುಕೂಲಕ್ಕೆ.

ಖರ್ಚು ನೋಡಿದರೂ ಇದೇ ಗೆಲ್ಲುತ್ತದೆ. ಗುಂಪು ಸವಾರಿಗೆ ಟೀ ಶರ್ಟ್, ಬೀದಿ ಮುಚ್ಚೋಕೆ ಶಾಮಿಯಾನ, ಬ್ಯಾರಿಕೇಡು. ಇದಕ್ಕೆ ಒಂದು ಪಂಪು ಸಾಕು. ನನಗೆ ಬೆಳಿಗ್ಗೆ ಬೇಗ ಏಳುವ ಅಭ್ಯಾಸ, ಕೆಲಸ ಊರೊಳಗೇ, ಭಾನುವಾರ ಮನೆಗೆ ಮೀಸಲು. ಹಾಗಾಗಿ ಇದು ಹೊಂದಿತು. ಊರಾಚೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಡ್ಯೂಟಿ ಇರುವವರಿಗೆ ಇದನ್ನು ಹೇಳಲ್ಲ, ಅವರಿಗೆ ಬಸ್ಸೇ ಸರಿ. ಊರೊಳಗೇ ಓಡಾಡುವವರು ಇಬ್ಬರೇ ಆದರೂ ಶುರು ಮಾಡಿ. ಮೂರನೆಯವರು ಕೇಳಿಕೊಂಡು ಬರುತ್ತಾರೆ.