ಒಂದೇ ಬೆರಳು, ನಾಲ್ಕು ಲೆಕ್ಕ

ಪೀಣ್ಯ ಎರಡನೇ ಹಂತದಲ್ಲಿ ನನ್ನದೊಂದು ಸಣ್ಣ ಪ್ರೆಸ್ ಶಾಪ್ ಇದೆ. ತಗಡನ್ನು ಡೈಯಲ್ಲಿಟ್ಟು ಒತ್ತಿ ಕ್ಲಾಂಪು, ಬ್ರಾಕೆಟ್ಟು, ವಾಷರ್ ಮಾಡಿಕೊಡುವ ಜಾಬ್ ವರ್ಕ್. ಪವರ್ ಪ್ರೆಸ್ ಇರುವ ಶೆಡ್‌ನಲ್ಲಿ ಒಂದಲ್ಲ ಒಂದು ದಿನ ಬೆರಳಿನ ಪ್ರಸಂಗ ಬಂದೇ ಬರುತ್ತದೆ. ನನ್ನಲ್ಲಿ ನಾಲ್ಕು ಸಲ ಬಂತು. ನಾಲ್ಕು ಸಲವೂ ನಾನು ಪರಿಹಾರಕ್ಕೆ ಬೇರೆ ಬೇರೆ ದಾರಿ ಹಿಡಿದಿದ್ದೆ. ಜಾಣತನದಿಂದಲ್ಲ, ಪ್ರತಿ ಸಲ ಹಿಂದಿನ ದಾರಿಯಲ್ಲಿ ಎಡವಿದ್ದರಿಂದ. ಅಕ್ಕಪಕ್ಕದ ಶೆಡ್‌ನವರು ‘ಯಾವುದು ಅಗ್ಗ?’ ಎಂದು ಕೇಳುತ್ತಲೇ ಇರುತ್ತಾರೆ. ಆ ಪ್ರಶ್ನೆಯೇ ತಪ್ಪು ಎಂಬುದು ನನ್ನ ಅಭಿಪ್ರಾಯ. ಕಟ್ಟುವ ಹಣ ಯಾರ ತಲೆಯ ಮೇಲಿನ ಹೊರೆಯನ್ನು ಇಳಿಸುತ್ತದೆ ಎಂಬುದನ್ನು ಮೊದಲು ಕೇಳಬೇಕು.

ಮೊದಲನೆಯದು ಸ್ವಂತ ಜೇಬಿನ ದಾರಿ. 2013ರಲ್ಲಿ ನಮ್ಮಲ್ಲಿದ್ದವರು ಏಳೇ ಮಂದಿ. ವಿಮೆ ಎಂಬುದು ದೊಡ್ಡ ಕಾರ್ಖಾನೆಯವರ ಮಾತು ಎಂದುಕೊಂಡಿದ್ದೆ. ಇಪ್ಪತ್ತಾರರ ಹುಡುಗನೊಬ್ಬನ ಎಡಗೈಯ ಮಧ್ಯದ ಬೆರಳಿನ ತುದಿಯ ಗೆಣ್ಣು ಹೋಯಿತು. ನರ್ಸಿಂಗ್ ಹೋಮಿನ ಬಿಲ್ಲು ಕಟ್ಟಿದೆ, ಮೇಲೆ 25,000 ರೂಪಾಯಿ ಕೊಟ್ಟೆ, ‘ಇನ್ನು ಮುಂದೆ ಯಾವ ತಕರಾರೂ ಇಲ್ಲ’ ಎಂದು ಛಾಪಾ ಕಾಗದದ ಮೇಲೆ ಸಹಿ ಹಾಕಿಸಿಕೊಂಡೆ. ಆ ಕಾಗದವನ್ನು ಬೀರುವಿನಲ್ಲಿಟ್ಟು ನೆಮ್ಮದಿಯಾಗಿ ಮಲಗಿದೆ ಕೂಡ. ಹದಿನಾಲ್ಕು ತಿಂಗಳ ನಂತರ ನೋಟಿಸು ಬಂತು.

ವಕೀಲರು ಕಾಗದವನ್ನು ಓದಿ ನಕ್ಕರು. 1923ರ ನೌಕರರ ಪರಿಹಾರ ಕಾಯ್ದೆಯ ಪ್ರಕಾರ, ಕಾರ್ಮಿಕ ತನ್ನ ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಬೆಲೆಯೇ ಇಲ್ಲ. ರಾಜಿಯಾಗಿದ್ದರೆ ಅದನ್ನು ಈ ಕಾಯ್ದೆಯ ಅರ್ಜಿಗಳನ್ನು ವಿಚಾರಿಸುವ ಆಯುಕ್ತರ ಮುಂದೆ ನೋಂದಾಯಿಸಬೇಕು. ಎರಡು ವರ್ಷದೊಳಗೆ ಅರ್ಜಿ ಹಾಕಲು ಅವನಿಗೆ ಅವಕಾಶವಿದೆ. ಲೆಕ್ಕ ಹೀಗಿತ್ತು: ಆಗ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 8,000. ಅದರ ಶೇ. 60 ಎಂದರೆ 4,800. ಇಪ್ಪತ್ತಾರು ವಯಸ್ಸಿನ ಗುಣಕ 215.28. ಗುಣಿಸಿದರೆ 10,33,344. ಮಧ್ಯದ ಬೆರಳಿನ ಒಂದು ಗೆಣ್ಣಿಗೆ ಕಾಯ್ದೆಯ ಪಟ್ಟಿಯಲ್ಲಿ ಶೇ. 7. ಅಂದರೆ 72,334 ರೂಪಾಯಿ, ಅದರ ಮೇಲೆ ಶೇ. 12ರ ಬಡ್ಡಿ. ಪರಿಹಾರವನ್ನು ಒಂದು ತಿಂಗಳೊಳಗೆ ಕೊಡದಿದ್ದರೆ ಬಡ್ಡಿಯ ಜೊತೆಗೆ ಶೇ. 50ರವರೆಗೆ ದಂಡವನ್ನೂ ಹಾಕಬಹುದು, ಅದೊಂದು ಬೀಳಲಿಲ್ಲ. ನಾನು ಕೊಟ್ಟಿದ್ದ 25,000? ರಸೀದಿಯಲ್ಲಿ ನನ್ನ ಕೈಯಾರೆ ‘ಸಹಾಯಧನ’ ಎಂದು ಬರೆದಿದ್ದೆ, ‘ಪರಿಹಾರ’ ಎಂದಲ್ಲ. ದಾನಶೂರನಾಗುವ ಆಸೆಗೆ ತೆತ್ತ ಬೆಲೆ. ಅದು ಲೆಕ್ಕಕ್ಕೆ ಸೇರಲಿಲ್ಲ.

ಆ ಹುಡುಗನ ಮೇಲೆ ನನಗೆ ಸಿಟ್ಟು ಬಂದದ್ದು ನಿಜ. ಈಗ ಯೋಚಿಸಿದರೆ, ತನಗೆ ಬರಬೇಕಾದದ್ದನ್ನಷ್ಟೇ ಅವನು ಕೇಳಿದ್ದ.

ಎರಡನೆಯದು ಸಮೂಹ ಅಪಘಾತ ವಿಮೆ. ನೋಟಿಸಿನ ಬಿಸಿಯಲ್ಲಿದ್ದಾಗ ಪರಿಚಯದವರೊಬ್ಬರು ಮಾಡಿಸಿಕೊಟ್ಟರು. ತಲೆಗೆ 5 ಲಕ್ಷ, ಪ್ರೀಮಿಯಂ ಚಹಾದ ಖರ್ಚಿನಷ್ಟು. 2015ರಲ್ಲಿ ಮೂವತ್ತೈದರ ಆಪರೇಟರ್ ಒಬ್ಬರ ತೋರುಬೆರಳಿನ ತುದಿಗೆಣ್ಣು ಹೋಯಿತು. ಕ್ಲೇಮಿನ ಹಣ ಬೇಗ ಬಂತು, ಅದರಲ್ಲಿ ತಕರಾರಿಲ್ಲ. ಆದರೆ ನನ್ನ ಪಾಲಿಸಿಯ ಪಟ್ಟಿಯಲ್ಲಿ ಆ ಗೆಣ್ಣಿಗೆ ಶೇ. 4 ಇತ್ತು: 20,000 ರೂಪಾಯಿ. ಕಾಯ್ದೆಯ ಪಟ್ಟಿಯಲ್ಲಿ ಅದೇ ಗೆಣ್ಣಿಗೆ ಶೇ. 9. ಅವರ ವಯಸ್ಸಿನ ಗುಣಕ 197.06, ಒಟ್ಟು 85,130 ರೂಪಾಯಿ. ಆ 20,000ವನ್ನು ಇದರಲ್ಲಿ ಕಳೆದುಕೊಳ್ಳಬಹುದೆಂದು ನಂಬಿ ಕೂರಬೇಡಿ, ಅದು ಕಾರ್ಮಿಕನ ಹೆಸರಿನ ವಿಮೆ, ನಿಮ್ಮ ಹೊಣೆಯ ವಿಮೆಯಲ್ಲ ಎಂದರು ವಕೀಲರು. ಈ ಸಲ ಬುದ್ಧಿ ಬಂದಿತ್ತು. ಪೂರ್ತಿ ಮೊತ್ತ ಕೊಟ್ಟು, ಒಪ್ಪಂದವನ್ನು ನೋಂದಾಯಿಸಿದೆ.

ಹಾಗೆಂದು ಅಪಘಾತ ವಿಮೆಯನ್ನು ನಾನು ಬಿಟ್ಟಿಲ್ಲ. ಮರುವರ್ಷ ಯುಗಾದಿಗೆ ಊರಿಗೆ ಹೋಗಿದ್ದ ನಮ್ಮ ಪ್ಯಾಕಿಂಗ್‌ನ ಹುಡುಗ ಬೈಕಿನಿಂದ ಬಿದ್ದು ತೀರಿಕೊಂಡ. ಕೆಲಸಕ್ಕೂ ಆ ಸಾವಿಗೂ ಸಂಬಂಧವಿಲ್ಲದ್ದರಿಂದ ಪರಿಹಾರ ಕಾಯ್ದೆ ಅಲ್ಲಿಗೆ ಬರುವುದಿಲ್ಲ. ಆ ಮನೆಗೆ ಬಂದ 5 ಲಕ್ಷ ಈ ಪಾಲಿಸಿಯದ್ದು. ಅವನ ತಾಯಿಗೆ ಬ್ಯಾಂಕ್ ಖಾತೆಯೇ ಇರಲಿಲ್ಲ. ತೆರೆಸಲು ನಾನೇ ಹಾಸನದ ಹತ್ತಿರದ ಅವರ ಊರಿಗೆ ಹೋಗಿದ್ದೆ. ಇದನ್ನು ಕೆಲಸಗಾರರಿಗೆ ಕೊಡುವ ಸವಲತ್ತು ಎಂದು ಇಟ್ಟುಕೊಳ್ಳಿ. ಗುರಾಣಿ ಎಂದು ಹಿಡಿದರೆ ಏಟು ನೇರ ಎದೆಗೆ.

ಮೂರನೆಯದು ಎಲ್ಲರೂ ಡಬ್ಲ್ಯು.ಸಿ. ಪಾಲಿಸಿ ಎನ್ನುವುದು. ಕಾಯ್ದೆಯ ಹೆಸರು 2010ರಲ್ಲಿ ಬದಲಾದರೂ ಪೀಣ್ಯದ ಬಾಯಲ್ಲಿ ಅದು ಇಂದಿಗೂ ‘ವರ್ಕ್‌ಮೆನ್ ಕಾಂಪೆನ್ಸೇಷನ್’. ಇದು ಮಾಲೀಕನ ಹೊಣೆಯನ್ನೇ ಹೊರುವ ವಿಮೆ. ವರ್ಷಕ್ಕೆ ಕೊಡುವ ಒಟ್ಟು ಸಂಬಳ ಎಷ್ಟು, ಕೆಲಸ ಎಷ್ಟು ಅಪಾಯದ್ದು ಎಂಬುದರ ಮೇಲೆ ಪ್ರೀಮಿಯಂ. ಕಾನೂನಿನ ದೃಷ್ಟಿಯಿಂದ ಸರಿಯಾದ ಮದ್ದು ಇದೇ. ಆದರೆ ಮದ್ದನ್ನು ನಾನು ಕುಡಿದ ರೀತಿ ಸರಿಯಿರಲಿಲ್ಲ.

ಏಜೆಂಟ್ ಮಹಾಶಯರು, ‘ಸಂಬಳ ಸ್ವಲ್ಪ ಕಡಿಮೆ ತೋರಿಸಿ ಸಾರ್, ಪ್ರೀಮಿಯಂ ಇಳಿಯುತ್ತದೆ’ ಎಂದರು. ತಲೆಗೆ ತಿಂಗಳಿಗೆ 9,000 ಎಂದು ತೋರಿಸಿದೆ, ಕೊಡುತ್ತಿದ್ದದ್ದು 14,000. 2017ರಲ್ಲಿ ಕ್ಲೇಮು ಬಂದಾಗ ವಿಮಾ ಕಂಪನಿಯ ತನಿಖಾಧಿಕಾರಿ ಶೆಡ್‌ಗೆ ಬಂದರು. ಕುರ್ಚಿ ಬೇಡವೆಂದು ಪ್ಯಾಕಿಂಗ್ ಮೇಜಿನ ಮೇಲೆಯೇ ವೇತನ ಪಟ್ಟಿ, ಹಾಜರಿ ಪುಸ್ತಕ ಹರಡಿಕೊಂಡರು. ಅಪಘಾತದ ದಿನದ ಸಾಲಿನಲ್ಲಿ ಒಂದು ಕಡೆ ವೈಟ್ನರ್ ಹಚ್ಚಿತ್ತು. ಅದರ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಆಡಿಸುತ್ತ, ಏನೂ ಕೇಳದೆ ನನ್ನ ಮುಖ ನೋಡಿದರು. ಸೂಪರ್‌ವೈಸರ್ ಬೇರೊಬ್ಬನ ಹಾಜರಿಯನ್ನು ತಪ್ಪು ಸಾಲಿನಲ್ಲಿ ಬರೆದು ತಿದ್ದಿದ್ದ, ಅಷ್ಟೇ. ಅದನ್ನು ವಿವರಿಸುವ ಹೊತ್ತಿಗೆ ನನ್ನ ಅಂಗಿ ಒದ್ದೆಯಾಗಿತ್ತು. ಕೊನೆಗೆ ಕ್ಲೇಮು ಒಪ್ಪಿದರು, ಆದರೆ ತೋರಿಸಿದ ಸಂಬಳ ಮತ್ತು ಕೊಟ್ಟ ಸಂಬಳದ ಅನುಪಾತಕ್ಕೆ ಕತ್ತರಿಸಿ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನನ್ನ ತಲೆಗೇ ಬಂತು. ಪ್ರೀಮಿಯಂನಲ್ಲಿ ಉಳಿಸಿದ್ದು ಎಷ್ಟೆಂದು ಹೇಳಲು ನಾಚಿಕೆ.

ಇನ್ನೊಂದು ಪೆಟ್ಟು ಆಸ್ಪತ್ರೆಯ ಬಿಲ್ಲಿನದು. ಕೆಲಸದಲ್ಲಾದ ಗಾಯದ ಚಿಕಿತ್ಸೆಯ ನಿಜವಾದ ಖರ್ಚನ್ನು ಮಾಲೀಕನೇ ಭರಿಸಬೇಕೆಂದು 2010ರಿಂದ ಕಾಯ್ದೆ ಹೇಳುತ್ತದೆ. ಆದರೆ ನಾನು ಕೊಂಡ ಪಾಲಿಸಿಯಲ್ಲಿ ಚಿಕಿತ್ಸೆಯ ಖರ್ಚು ಹೆಚ್ಚುವರಿ ಪ್ರೀಮಿಯಂ ಕಟ್ಟಿದರೆ ಮಾತ್ರ ಸೇರುತ್ತಿತ್ತು, ನಾನು ಕಟ್ಟಿರಲಿಲ್ಲ. ಗುತ್ತಿಗೆದಾರ ಕಳಿಸುವ ಲೋಡಿಂಗ್ ಆಳುಗಳದ್ದೂ ಇದೇ ಕಥೆ. ನಮ್ಮ ಕೆಲಸದಲ್ಲಿ ಅವರಿಗೆ ಗಾಯವಾದರೆ ಅವರು ನಮ್ಮನ್ನೇ ಕೇಳಬಹುದು. ನಾವು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. ಹಾಗಾಗಿ ಅವರ ಹೆಸರನ್ನೂ ಪಾಲಿಸಿಯಲ್ಲಿ ಸೇರಿಸಿ ಎಂದು ಬರೆದುಕೊಡಬೇಕು. ತಡಮಾಡಿದ್ದಕ್ಕೆ ಹಾಕುವ ದಂಡವನ್ನು ವಿಮಾ ಕಂಪನಿ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ. ಪಾಲಿಸಿ ಇದೆ ಎಂದು ಕಾಗದಪತ್ರ ತಳ್ಳಿಕೊಂಡು ಕೂತರೆ ಆ ಭಾಗ ನಮ್ಮದೇ.

ನಾಲ್ಕನೆಯದು ಇ.ಎಸ್.ಐ., ಅಂದರೆ ನೌಕರರ ರಾಜ್ಯ ವಿಮೆ. ಇದು ಆಯ್ಕೆಯಲ್ಲ, ಹತ್ತು ಮಂದಿಯಾದರೆ ಕಡ್ಡಾಯ. 2018ರಲ್ಲಿ ನಾವು ಹನ್ನೊಂದಾದೆವು. ಆಗ ಮಾಲೀಕನ ಪಾಲು ಶೇ. 4.75 ಇತ್ತು, 2019ರ ಜುಲೈನಿಂದ ಶೇ. 3.25, ಕಾರ್ಮಿಕನದ್ದು ಶೇ. 0.75. ಹದಿನಾಲ್ಕು ಮಂದಿಗೆ ಸರಾಸರಿ 18,000 ಸಂಬಳ ಎಂದರೆ ನನ್ನ ಪಾಲು ತಿಂಗಳಿಗೆ 8,190, ವರ್ಷಕ್ಕೆ 98,280. ಡಬ್ಲ್ಯು.ಸಿ. ಪ್ರೀಮಿಯಂ ಇದರ ಮೂರನೇ ಒಂದು ಭಾಗದ ಆಸುಪಾಸಿನಲ್ಲಿತ್ತು. ಇದನ್ನು ನೋಡಿಯೇ ಪಕ್ಕದ ಶೆಡ್‌ನವರು ಒಂಬತ್ತು ಮಂದಿಗೆ ನಿಲ್ಲಿಸಿ ಉಳಿದವರನ್ನು ಪುಸ್ತಕದ ಹೊರಗೆ ಇಡುತ್ತಾರೆ. ಆದರೆ ಇ.ಎಸ್.ಐ.ನಲ್ಲಿ ಗಾಯ ಮಾತ್ರ ಅಲ್ಲ, ಜ್ವರ, ಹೆರಿಗೆ, ಮನೆಯವರ ಚಿಕಿತ್ಸೆ ಎಲ್ಲವೂ ಸೇರಿದೆ. ಮಾಲೀಕನಿಗೆ ಮುಖ್ಯವಾದದ್ದು ಇನ್ನೊಂದು: ಇ.ಎಸ್.ಐ.ಗೆ ಸೇರಿದ ಕಾರ್ಮಿಕ ಅದೇ ಗಾಯಕ್ಕೆ ಪರಿಹಾರ ಕಾಯ್ದೆಯಡಿ ನಮ್ಮ ಮೇಲೆ ಅರ್ಜಿ ಹಾಕುವಂತಿಲ್ಲ. ಮನೆಯಿಂದ ಕೆಲಸಕ್ಕೆ ಬರುವ ದಾರಿಯ ಅಪಘಾತವೂ 2010ರಿಂದ ಇದರಲ್ಲಿದೆ. ಪರಿಹಾರ ಕಾಯ್ದೆಯಲ್ಲಿ ಅದೇ ಪ್ರಶ್ನೆ ಬಹಳ ಕಾಲ ಎಳೆದಾಡಿತು. ಸಕ್ಕರೆ ಕಾರ್ಖಾನೆಯ ಕಾವಲುಗಾರನೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಕಾರ್ಮಿಕನ ಕುಟುಂಬದ ಪರ ತೀರ್ಪು ಕೊಟ್ಟಿತು.

2022ರಲ್ಲಿ ಮೂವತ್ತರ ಆಪರೇಟರ್ ಒಬ್ಬನ ತೋರುಬೆರಳಿನ ತುದಿಗೆಣ್ಣು, ಅಂದರೆ 2015ರದ್ದೇ ಗಾಯ, ಮತ್ತೆ ಆಯಿತು. ಶನಿವಾರ ಸಂಜೆ. ಸೂಪರ್‌ವೈಸರ್, ‘ಸೋಮವಾರ ಬರೆದರಾಯಿತು’ ಎಂದ. ಅಪಘಾತದ ವರದಿಯನ್ನು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಹಾಕಬೇಕು; ನಾವು ಹಾಕಿದ್ದು ಸೋಮವಾರ ಹನ್ನೊಂದಕ್ಕೆ. ಆ ಒಂದೂವರೆ ದಿನಕ್ಕೆ ಎರಡು ತಿಂಗಳು ಪತ್ರ ವ್ಯವಹಾರ. ಮೊದಲ ರಾತ್ರಿ ಹತ್ತಿರದ ಖಾಸಗಿ ಆಸ್ಪತ್ರೆಗೆ ಒಯ್ದಿದ್ದರ ಬಿಲ್ಲಿಗೆ ಮರುಪಾವತಿ ಕೇಳಿ ಅಲೆದದ್ದು ಬೇರೆ. ನಮ್ಮ ಆಫೀಸಿನ ಹುಡುಗಿ ಒಂದೇ ನಕಲನ್ನು ಮೂರು ಸಲ ದೃಢೀಕರಿಸಿಕೊಟ್ಟಳು.

ಆದರೆ ಗಾಯಾಳುವಿಗೆ ರಜೆಯ ಐದು ವಾರವೂ ದಿನಗೂಲಿಯ ಶೇ. 90 ಬಂತು. ಪರಿಹಾರ ಕಾಯ್ದೆಯಲ್ಲಾಗಿದ್ದರೆ ಹದಿನೈದು ದಿನಕ್ಕೊಮ್ಮೆ ತಿಂಗಳ ಸಂಬಳದ ಶೇ. 25, ಅಂದರೆ ಅರ್ಧ ಸಂಬಳ. ಆಮೇಲೆ ವೈದ್ಯಕೀಯ ಮಂಡಳಿ ಅವನ ನಷ್ಟವನ್ನು ಶೇ. 9 ಎಂದು ನಿಗದಿ ಮಾಡಿತು. ಅದರಂತೆ ಜೀವನಪರ್ಯಂತ ತಿಂಗಳಿಗೆ ಸುಮಾರು 1,450 ರೂಪಾಯಿ. ಪರಿಹಾರ ಕಾಯ್ದೆಯ ಲೆಕ್ಕದಲ್ಲಿ 2020ರ ನಂತರದ ಮಿತಿ 15,000, ಗುಣಕ 207.98, ಇಡಿಗಂಟು 1,68,464 ರೂಪಾಯಿ. ನಾನು ಕಾಗದದ ಮೇಲೆ ಎರಡನ್ನೂ ಬರೆದು ಅವನಿಗೆ ತೋರಿಸಿದೆ. ಹತ್ತು ವರ್ಷಕ್ಕೂ ಮೊದಲೇ ಪಿಂಚಣಿ ಆ ಮೊತ್ತವನ್ನು ದಾಟುತ್ತದೆ, ಆಮೇಲೆಲ್ಲ ಲಾಭ ಎಂದೆ.

‘ಹತ್ತು ವರ್ಷ ಯಾರು ಕಾಯುತ್ತಾರೆ ಸಾರ್? ತಂಗಿಯ ಮದುವೆ ಮಾಘದಲ್ಲಿದೆ,’ ಎಂದ.

ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಇಡಿಗಂಟು ಬೇಕಾದವನಿಗೆ ಇ.ಎಸ್.ಐ. ನಿರಾಸೆ ಮಾಡುತ್ತದೆ, ಅದು ಸತ್ಯ. ಮುಂಗಡ ಕೊಟ್ಟೆ, ಸಂಬಳದಲ್ಲಿ ಹಿಡಿದುಕೊಂಡೆ. ಪಿಂಚಣಿಯ ಸಂದೇಶ ಮೊಬೈಲಿಗೆ ಬಂದಾಗಲೆಲ್ಲ ಈಗ ಅವನೇ ನನಗೆ ತೋರಿಸುತ್ತಾನೆ.

ಹಾಗಾದರೆ ಯಾವುದು ಮೇಲು? ಸಂಬಳ 21,000 ಮೀರದವರಿಗೆ ಇ.ಎಸ್.ಐ., ಎರಡನೇ ಯೋಚನೆ ಬೇಡ. ಅಲೆದಾಟವಿದೆ, ಆದರೆ ಕೋರ್ಟಿನ ಮೆಟ್ಟಿಲಿಲ್ಲ. ಅದನ್ನು ಮೀರಿದ ಡೈ ಫಿಟ್ಟರ್, ಸೂಪರ್‌ವೈಸರ್ ಇವರಿಗೆ ಡಬ್ಲ್ಯು.ಸಿ. ಪಾಲಿಸಿ, ಸಂಬಳ ಪೂರ್ತಿ ತೋರಿಸಿ, ಚಿಕಿತ್ಸೆಯ ಖರ್ಚು ಸೇರಿಸಿ. ಪರಿಹಾರ ಕಾಯ್ದೆಗೆ ಸಂಬಳದ ಮೇಲ್ಮಿತಿಯಿಲ್ಲ, ಲೆಕ್ಕಕ್ಕೆ ಮಾತ್ರ ಮಿತಿ ಎಂಬುದನ್ನು ಬಹಳ ಮಂದಿ ಮರೆತು, ದೊಡ್ಡ ಸಂಬಳದವರನ್ನು ಯಾವ ನೆರಳೂ ಇಲ್ಲದೆ ಬಿಡುತ್ತಾರೆ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದು ಹಳೆಯ ಕಾಯ್ದೆಗಳು ಅದರಲ್ಲಿ ಸೇರಿಹೋದವು. ಶೇ. 60, ವಯಸ್ಸಿನ ಗುಣಕ, ಇವು ಹಾಗೆಯೇ ಇವೆ.

ಈ ನಾಲ್ಕರ ಜೊತೆ ನಿಲ್ಲಿಸಿ ನೋಡಬೇಕಾದ ಐದನೆಯದೊಂದಿದೆ, ಅದನ್ನು ನಾನು ಕೊನೆಗೆ ಮಾಡಿದೆ, ಮೊದಲು ಮಾಡಬೇಕಿತ್ತು. ನಾಲ್ಕೂ ಗಾಯಗಳು ಕಾಲಿನ ಪೆಡಲ್ ಇದ್ದ ಪ್ರೆಸ್‌ಗಳಲ್ಲಾದವು. ಕಾಲು ತುಳಿಯುತ್ತದೆ, ಕೈ ಇನ್ನೂ ಡೈಯೊಳಗಿರುತ್ತದೆ. 2022ರ ನಂತರ ಪೆಡಲ್ ಕಿತ್ತು, ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಇಳಿಯುವ ಗುಂಡಿಗಳನ್ನು ಹಾಕಿಸಿದೆ, ಮುಂದೆ ಜಾಲರಿಯ ಗಾರ್ಡ್ ಕೂರಿಸಿದೆ. ಮಾರಾಟಗಾರನೊಬ್ಬ ಲೈಟ್ ಕರ್ಟನ್, ಅಂದರೆ ಬೆಳಕಿನ ಕಿರಣಕ್ಕೆ ಕೈ ಅಡ್ಡ ಬಂದರೆ ಯಂತ್ರವನ್ನು ನಿಲ್ಲಿಸುವ ಸಾಧನ, ಮಾರಲು ಬಂದಿದ್ದ. ಕೀ ಕ್ಲಚ್‌ನ ಹಳೆಯ ಪ್ರೆಸ್ ಒಮ್ಮೆ ಇಳಿಯತೊಡಗಿದರೆ ನಡುವೆ ನಿಲ್ಲುವುದಿಲ್ಲ, ಅದಕ್ಕೆ ಲೈಟ್ ಕರ್ಟನ್ ಹಾಕಿ ಫಲವಿಲ್ಲ ಎಂದು ನಮ್ಮ ಡೈ ಫಿಟ್ಟರ್ ಅವನನ್ನು ವಾಪಸು ಕಳಿಸಿದ. ಒಂದು ಯಂತ್ರಕ್ಕೆ ಆದ ಖರ್ಚು ಒಂದು ಬೆರಳಿನ ಪರಿಹಾರಕ್ಕಿಂತ ಕಡಿಮೆ. ಗಂಟೆಯ ಉತ್ಪಾದನೆ ಸ್ವಲ್ಪ ಇಳಿಯಿತು, ಆಪರೇಟರ್‌ಗಳು ಮೊದಲ ತಿಂಗಳು ಗೊಣಗಿದರು. ಅಂದಿನಿಂದ ಅಪಘಾತದ ವರದಿ ಬರೆದಿಲ್ಲ.

ಕೊನೆಗೊಂದು ಕಂದಕ, ನಾನು ಬಿದ್ದು ಎದ್ದದ್ದು. ಸಂಬಳ 21,000 ದಾಟಿದವನು ತಕ್ಷಣ ಇ.ಎಸ್.ಐ.ನಿಂದ ಹೊರಬರುವುದಿಲ್ಲ, ಆ ವಂತಿಗೆಯ ಅವಧಿ ಮುಗಿಯುವ ತನಕ, ಅಂದರೆ ಸೆಪ್ಟೆಂಬರ್ ಅಥವಾ ಮಾರ್ಚ್ ಕೊನೆಯವರೆಗೆ, ವಂತಿಗೆ ಕಟ್ಟಬೇಕು. ಮರುದಿನದಿಂದ ಅವನು ಡಬ್ಲ್ಯು.ಸಿ. ಪಾಲಿಸಿಯಲ್ಲಿರಬೇಕು. ಒಂದು ವರ್ಷ ಹಾಗೆ ದಾಟಿದವನೊಬ್ಬನ ಹೆಸರನ್ನು ನಾನು ಸೇರಿಸಿದ್ದು ಏಪ್ರಿಲ್ 20ಕ್ಕೆ. ಹತ್ತೊಂಬತ್ತು ದಿನ ಆತ ಎರಡೂ ಕಡೆ ಇಲ್ಲದೆ ಪ್ರೆಸ್ ಮುಂದೆ ನಿಂತಿದ್ದ. ಏನೂ ಆಗಲಿಲ್ಲ. ಬರುವ ಏಪ್ರಿಲ್‌ಗೆ ಇನ್ನೊಬ್ಬ ದಾಟುತ್ತಾನೆ. ಆಫೀಸಿನ ಕ್ಯಾಲೆಂಡರಿನಲ್ಲಿ ಮಾರ್ಚ್ 20ರ ಚೌಕದಲ್ಲಿ ಕೆಂಪು ಪೆನ್ನಿನಿಂದ ಅವನ ಹೆಸರು ಬರೆದಿಟ್ಟಿದ್ದೇನೆ.