ಶೋಧಗಂಗಾದಲ್ಲಿ ಸಿಕ್ಕ ಭಿನ್ನರಾಶಿ ಪ್ರಶ್ನೆಪತ್ರಿಕೆ

ಏಳನೇ ಕ್ಲಾಸಿನ ಮಕ್ಕಳಿಗೆ 1/2 + 1/3 ಎಷ್ಟು ಅಂದ್ರೆ ಅರ್ಧ ಕ್ಲಾಸು 2/5 ಅಂತ ಬರೆಯುತ್ತದೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಮುಗಿಸಿಬಿಡುತ್ತಾರೆ. ಹನ್ನೆರಡು ವರ್ಷದಿಂದ ಕೆಂಪು ಪೆನ್ನಲ್ಲಿ ಇದನ್ನೇ ತಿದ್ದುತ್ತಿದ್ದೇನೆ. ಇದರ ಮೇಲೆ ಯಾರಾದರೂ ಕೂತು ಸಂಶೋಧನೆ ಮಾಡಿರಲೇಬೇಕಲ್ವಾ ಅನ್ನಿಸಿ ಒಂದು ಸಂಜೆ ಶೋಧಗಂಗಾ ತೆರೆದೆ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ದೇಶದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳನ್ನು ಒಂದೇ ಕಡೆ ಇಟ್ಟಿರುವ ಜಾಲತಾಣ ಇದು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುತ್ತದೆ. ಪ್ರಬಂಧದ ಡಿಜಿಟಲ್ ಪ್ರತಿಯನ್ನೂ ಕೊಡಬೇಕು ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2009ರಲ್ಲಿ ನಿಯಮ ಮಾಡಿತು, ಅದರಿಂದ ಬೆಳೆದದ್ದು. ದುಡ್ಡು ಕೊಡಬೇಕಿಲ್ಲ, ಓದೋಕೆ ಲಾಗಿನ್ನೂ ಬೇಡ.

ಹುಡುಕುವಾಗ ಒಂದು ಕಿವಿಮಾತು. ಸುಮ್ನೆ ‘ಮಿಡ್ಲ್ ಸ್ಕೂಲ್’ ಅಂತ ಹಾಕಿದರೆ ನಮ್ಮ ಕಡೆಯ ಎಷ್ಟೋ ಕೆಲಸ ತಪ್ಪಿಹೋಗುತ್ತದೆ. ನಮ್ಮಲ್ಲಿ ಏಳರ ತನಕ ಹಿರಿಯ ಪ್ರಾಥಮಿಕ, ಎಂಟನೇ ಕ್ಲಾಸು ಬಹುಪಾಲು ಹೈಸ್ಕೂಲಿನಲ್ಲಿ. ಹಾಗಾಗಿ ‘ಅಪ್ಪರ್ ಪ್ರೈಮರಿ’, ‘ಎಲಿಮೆಂಟರಿ’, ‘ಸೆಕೆಂಡರಿ’ ಎಲ್ಲವನ್ನೂ ಒಂದೊಂದಾಗಿ ಹಾಕಿ ನೋಡಬೇಕು, ಅದಕ್ಕಿಂತ ನಮ್ಮ ರಾಜ್ಯದ ಒಂದು ವಿಶ್ವವಿದ್ಯಾಲಯ ಆರಿಸಿಕೊಂಡು ಶಿಕ್ಷಣ ವಿಭಾಗಕ್ಕೆ ಹೋಗಿ ಶೀರ್ಷಿಕೆಗಳ ಮೇಲೆ ಕಣ್ಣಾಡಿಸುವುದೇ ವಾಸಿ.

ಪ್ರಬಂಧಗಳು ಅಧ್ಯಾಯಕ್ಕೊಂದರಂತೆ ಬೇರೆ ಬೇರೆ ಪಿಡಿಎಫ್ ಆಗಿರುತ್ತವೆ. ಮೊದಮೊದಲು ಕಿರಿಕಿರಿ ಅನ್ನಿಸಿತು. ಆಮೇಲೆ ಇದೇ ಒಳ್ಳೇದು ಅನ್ನಿಸಿತು, ಯಾಕಂದ್ರೆ ನಮ್ಮಂಥ ಮೇಷ್ಟ್ರಿಗೆ ಸಂಬಂಧಿತ ಸಾಹಿತ್ಯ ಸಮೀಕ್ಷೆಯ ನೂರು ಪುಟ ಬೇಡ, ಟಿ-ಟೆಸ್ಟ್‌ನಂಥ ಸಂಖ್ಯಾಶಾಸ್ತ್ರದ ಕೋಷ್ಟಕಗಳಂತೂ ಬೇಡವೇ ಬೇಡ. ನೇರ ಕೊನೆಯ ಅನುಬಂಧಕ್ಕೆ ಹೋಗಿ, ಮಕ್ಕಳಿಗೆ ಕೊಟ್ಟ ಪ್ರಶ್ನೆಪತ್ರಿಕೆ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಪ್ರಬಂಧ ಇಂಗ್ಲಿಷಿನಲ್ಲಿದ್ದರೂ ಕನ್ನಡ ಮಾಧ್ಯಮದ ಮಕ್ಕಳಿಗೆ ಕೊಟ್ಟ ಪರೀಕ್ಷೆ ಕನ್ನಡದಲ್ಲೇ ಇರಬೇಕಲ್ಲ! ನನಗೆ ಸಿಕ್ಕಿದ್ದು ಹಾಗೇ ಒಂದು ಭಿನ್ನರಾಶಿ ಪ್ರಶ್ನೆಪತ್ರಿಕೆ. ಲೆಕ್ಕ ಮಾಡುವ ಮೊದಲು ‘ಉತ್ತರ ಅರ್ಧಕ್ಕಿಂತ ಜಾಸ್ತಿಯೋ ಕಡಿಮೆಯೋ, ಊಹಿಸು’ ಅಂತ ಕೇಳುತ್ತದೆ. ನಮ್ಮ ಕ್ಲಾಸಿನಲ್ಲಿ ಕೊಟ್ಟೆ. ಒಬ್ಬ ಹುಡುಗ 2/5 ಬರೆದು, ತಲೆ ಕೆರೆದುಕೊಂಡು, ‘ಸಾರ್, ಅರ್ಧಕ್ಕೆ ಇನ್ನಷ್ಟು ಸೇರಿಸಿದ್ರೆ ಅರ್ಧಕ್ಕಿಂತ ಕಮ್ಮಿ ಹೆಂಗಾಯ್ತು?’ ಅಂದ. ಹನ್ನೆರಡು ವರ್ಷದ ಕೆಂಪು ಶಾಯಿಯಲ್ಲಿ ಆಗದ್ದು ಅದು.

ಸುತ್ತಲಿನ ಶಾಲೆಗಳ ಮೇಷ್ಟ್ರುಗಳು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಆ ಪ್ರಶ್ನೆಪತ್ರಿಕೆ ಹಂಚಿದಾಗ ಹಾಳೆಯ ಕೆಳಗೆ ಆ ಪ್ರಬಂಧ ಬರೆದ ಸಂಶೋಧಕಿಯ ಹೆಸರು ಹಾಕಿದ್ದೆ. ‘ಇದು ಯಾರ್ ಮೇಡಮ್ಮು?’ ಅಂತ ಮೂರು ಜನ ಕೇಳಿದರು. ವರ್ಷಗಟ್ಟಲೆ ಶಾಲೆಯಿಂದ ಶಾಲೆಗೆ ಅಲೆದು ಮಾಡಿದ ಕೆಲಸಕ್ಕೆ ಪದವಿ, ಒಂದು ಶಾಲು, ಹಾರ ಸಿಗುತ್ತದೆ, ನಿಜ. ಆದರೆ ಅದೇ ಆರು-ಏಳನೇ ಕ್ಲಾಸಿಗೆ ಪಾಠ ಮಾಡುವವರು ಹೆಸರು ಕೇಳಿದರಲ್ಲ, ಅದನ್ನ ಆಕೆಗೆ ಹೇಗಾದರೂ ತಿಳಿಸಬೇಕು ಅನ್ನಿಸಿತು.

ಶೋಧಗಂಗಾಕ್ಕೆ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಯಾಕೆ ಅಂದ್ರೆ ಶೋಧಗಂಗಾ ಇರುವುದು ಪಿಎಚ್‌ಡಿ, ಎಂಫಿಲ್‌ಗಳಿಗೆ, ಎಂಎಡ್ (ಶಿಕ್ಷಣದ ಸ್ನಾತಕೋತ್ತರ ಪದವಿ) ಪ್ರಬಂಧಕ್ಕೆ ಅಲ್ಲಿ ಜಾಗ ಇಲ್ಲ. ತಪ್ಪು ಅವರದಲ್ಲ, ಅದರ ಉದ್ದೇಶವೇ ಅಷ್ಟು. ಆದರೆ ನಮ್ಮ ಶಾಲೆಗಳಿಗೆ ಬಂದು ಮಕ್ಕಳ ಜೊತೆ ಕೂರುವವರಲ್ಲಿ ಎಂಎಡ್‌ನವರೇ ಜಾಸ್ತಿ. ಎರಡು ವರ್ಷದ ಕೋರ್ಸು, ರೆಕ್ಸಿನ್ ಬೈಂಡಿಂಗು, ಚಿನ್ನದ ಅಕ್ಷರ, ವೈವಾ, ಆಮೇಲೆ ಬೀರು. ನಾನು ಓದಿದ ಕಾಲೇಜಿಗೆ ಫೋನ್ ಮಾಡಿ ಹಳೇ ಪ್ರಬಂಧಗಳನ್ನ ನೋಡಬಹುದಾ ಅಂತ ಕೇಳಿದರೆ, ‘ಜಾಗ ಇಲ್ಲ ಅಂತ ರದ್ದಿಗೆ ಹಾಕಿದ್ವಿ ಸಾರ್’ ಅಂದರು.

ನನ್ನ ಎಂಎಡ್ ಪ್ರಬಂಧದ ಒಂದು ಪ್ರತಿ ಮನೆಯ ಅಟ್ಟದ ಮೇಲಿದೆ. ದಸರಾ ರಜೆಯಲ್ಲಿ ಇಳಿಸಿ, ಅನುಬಂಧದ ಪುಟಗಳನ್ನಾದರೂ ಮೊಬೈಲಲ್ಲಿ ಸ್ಕ್ಯಾನ್ ಮಾಡಿ ಕ್ಲಸ್ಟರ್ ಗ್ರೂಪಿಗೆ ಹಾಕಬೇಕು.