ಆರ್ಡುಯಿನೋ ಊನೋ ಆರ್3: ಇಂಟರಪ್ಟ್ ದೃಷ್ಟಿಯಿಂದ ಒಂದು ವಿಮರ್ಶೆ

ತಾರಸಿಯ ಟ್ಯಾಂಕಿನಿಂದ ದಿನಕ್ಕೆ ಎಷ್ಟು ಲೀಟರ್ ನೀರು ಇಳಿಯುತ್ತದೆಂದು ಅಳೆಯಲು ಆರ್ಡುಯಿನೋ ಊನೋ ಎಂಬ, ಪ್ರೋಗ್ರಾಮ್ ಬರೆದು ಓಡಿಸಬಹುದಾದ ಈ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡನ್ನು ಕೊಂಡೆ. ಪೈಪಿಗೆ ಕೂರಿಸಿದ ಫ್ಲೋ ಸೆನ್ಸರ್ ಲೀಟರಿಗೆ ಸುಮಾರು 450 ಪಲ್ಸ್ (ವಿದ್ಯುತ್ ಮಿಡಿತ) ಕೊಡುತ್ತದೆ. ಅವುಗಳಲ್ಲಿ ಒಂದೂ ತಪ್ಪಬಾರದಾದರೆ ಇಂಟರಪ್ಟ್ (ಸಂಕೇತ ಬಂದೊಡನೆ ಚಿಪ್ಪು ಮಾಡುತ್ತಿದ್ದ ಕೆಲಸವನ್ನು ನಿಲ್ಲಿಸಿ ಅದನ್ನು ಗಮನಿಸುವ ವ್ಯವಸ್ಥೆ) ಬಳಸುವುದೇ ಸರಿಯಾದ್ದರಿಂದ, ಬೋರ್ಡಿನ ಆ ಒಂದು ವ್ಯವಸ್ಥೆಯನ್ನಷ್ಟೇ ಇಲ್ಲಿ ಪರಿಶೀಲಿಸುತ್ತೇನೆ.

ಇದರಲ್ಲಿರುವುದು 16 ಮೆಗಾಹರ್ಟ್ಸ್‌ನಲ್ಲಿ ಓಡುವ ಎಟಿಮೆಗಾ328ಪಿ ಚಿಪ್. 2ನೇ ಪಿನ್ನಿಗೆ ಪಲ್ಸ್ ಬಂದೊಡನೆ ಚಿಪ್ಪು ಕೈಯಲ್ಲಿದ್ದ ಇನ್‌ಸ್ಟ್ರಕ್ಷನ್ ಮುಗಿಸಿ, ಮರಳಬೇಕಾದ ವಿಳಾಸವನ್ನು ಸ್ಟ್ಯಾಕ್ ಎಂಬ ತಾತ್ಕಾಲಿಕ ಮೆಮೊರಿಯಲ್ಲಿಟ್ಟು, ಉಳಿದ ಇಂಟರಪ್ಟ್‌ಗಳನ್ನು ತಡೆಹಿಡಿದು, ಯಾವ ಇಂಟರಪ್ಟ್‌ಗೆ ಎಲ್ಲಿಗೆ ಹೋಗಬೇಕೆಂದು ಹೇಳುವ ವೆಕ್ಟರ್ ಪಟ್ಟಿಯಲ್ಲಿ ನಿಗದಿಯಾದ ಜಾಗಕ್ಕೆ ಜಿಗಿಯುತ್ತದೆ. ಇದಕ್ಕೆ ಕನಿಷ್ಠ 4 ಕ್ಲಾಕ್ ಸೈಕಲ್, ಅಂದರೆ ಕಾಲು ಮೈಕ್ರೋಸೆಕೆಂಡ್ ಸಾಕು. ರಿಜಿಸ್ಟರ್‌ಗಳಲ್ಲಿ (ಚಿಪ್ಪಿನೊಳಗಿನ ಪುಟ್ಟ ಮೆಮೊರಿ ಖಾನೆಗಳಲ್ಲಿ) ಇದ್ದುದನ್ನು ಉಳಿಸಿಡುವ ಹೊಣೆ ನಮ್ಮ ಕೋಡನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಕಂಪೈಲರಿನದಾದ್ದರಿಂದ ನಮ್ಮ ಕೋಡ್ ಶುರುವಾಗುವುದು ಇನ್ನೂ ಸ್ವಲ್ಪ ತಡವಾಗಿ.

ಹಲವು ಇಂಟರಪ್ಟ್ ಒಟ್ಟಿಗೆ ಬಂದರೆ ಯಾವುದು ಮೊದಲು ಎಂಬ ಆದ್ಯತೆಯ ವಿಷಯದಲ್ಲಿ ಚಿಪ್ಪು ಬಡವೆನ್ನಬೇಕು. ಪಟ್ಟಿಯಲ್ಲಿ ಮೇಲಿರುವುದಕ್ಕೆ ಮೊದಲ ಸರದಿ, ಅಷ್ಟೇ. ಹಳೆಯ 8051 ಚಿಪ್ಪಿನಲ್ಲಿದ್ದ ಎರಡು ಹಂತದ ಆದ್ಯತೆಯೂ ಇಲ್ಲಿಲ್ಲ. ಹಳೆಯ 8085 ಪ್ರೊಸೆಸರಿನ ಆರ್‌ಎಸ್‌ಟಿಯಂತೆ ಪ್ರೋಗ್ರಾಮೇ ಇಂಟರಪ್ಟ್ ಎಬ್ಬಿಸುವ ಸಾಫ್ಟ್‌ವೇರ್ ಇಂಟರಪ್ಟ್ ಇನ್‌ಸ್ಟ್ರಕ್ಷನ್ ಕೂಡ ಇಲ್ಲ. ಆದರೆ 2ನೇ ಪಿನ್ನನ್ನು ಔಟ್‌ಪುಟ್ ಮಾಡಿ ಪ್ರೋಗ್ರಾಮಿನಿಂದಲೇ ಅದರ ಮಟ್ಟವನ್ನು ಬದಲಿಸಿದರೂ ಇಂಟರಪ್ಟ್ ಏಳುತ್ತದೆ. ಸೆನ್ಸರ್ ಜೋಡಿಸುವ ಮೊದಲು ಕೋಡನ್ನು ಪರೀಕ್ಷಿಸಲು ನನಗೆ ಈ ಉಪಾಯ ಬಹಳ ಒದಗಿತು.

ಒಂದು ಸಂಜೆ ಎಣಿಕೆ 255ರಿಂದ ಏಕಾಏಕಿ 511ಕ್ಕೆ ಹಾರಿ, ಮರುಕ್ಷಣ 256ಕ್ಕೆ ಇಳಿಯಿತು. ಸೆನ್ಸರನ್ನು ಬೈದುಕೊಂಡು ವೈರುಗಳನ್ನೆಲ್ಲ ಕಿತ್ತು ಮತ್ತೆ ಜೋಡಿಸಿದೆ. ತಪ್ಪು ನನ್ನ ಕೋಡಿನಲ್ಲೇ ಇತ್ತು. ಇದು 8 ಬಿಟ್‌ನ ಚಿಪ್ಪಾದ್ದರಿಂದ 16 ಬಿಟ್‌ನ ಸಂಖ್ಯೆಯನ್ನು ಒಂದೊಂದು ಬೈಟಾಗಿ (8 ಬಿಟ್) ಎರಡು ಸಲ ಓದುತ್ತದೆ. ಕೆಳಗಿನ ಬೈಟ್ 255 ಎಂದು ಓದಿ ಮುಗಿಸಿ, ಮೇಲಿನದನ್ನು ಓದುವಷ್ಟರಲ್ಲಿ ಇಂಟರಪ್ಟ್ ನುಗ್ಗಿ ಎಣಿಕೆಯನ್ನು 256 ಮಾಡಿದರೆ, ಹಳೆಯ ಅರ್ಧಕ್ಕೆ (255) ಹೊಸ ಅರ್ಧ (256) ಸೇರಿ 511 ಆಗುತ್ತದೆ. ವೇರಿಯಬಲ್ಲನ್ನು ವೋಲಟೈಲ್ (ಪ್ರತಿ ಸಲವೂ ಮೆಮೊರಿಯಿಂದಲೇ ಓದು ಎಂಬ ಸೂಚನೆ) ಎಂದು ಘೋಷಿಸಿದ್ದರೂ ಇದು ತಪ್ಪುವುದಿಲ್ಲ; ಓದುವ ಕ್ಷಣದಲ್ಲಿ ಇಂಟರಪ್ಟ್‌ಗಳನ್ನು ನಿಲ್ಲಿಸಿ, ಪ್ರತಿ ತೆಗೆದುಕೊಂಡು, ಮತ್ತೆ ತೆರೆಯಬೇಕು.

ನಿಜವಾದ ಕೊರತೆ ಪಿನ್‌ಗಳದ್ದು. ಹೊರಗಿನ ಇಂಟರಪ್ಟ್‌ಗೆಂದೇ ಇರುವುದು 2 ಮತ್ತು 3ನೇ ಪಿನ್ ಮಾತ್ರ. ತೋಟದ ಪೈಪಿಗೆ ಮೂರನೇ ಸೆನ್ಸರ್ ಹಾಕಿದಾಗ 8ನೇ ಪಿನ್ನಿನ ಪಿನ್ ಚೇಂಜ್ ಇಂಟರಪ್ಟ್‌ಗೆ ಹೋಗಬೇಕಾಯಿತು. ಅದು ಪಲ್ಸ್ ಏರಿದಾಗಲೂ ಇಳಿದಾಗಲೂ ಏಳುತ್ತದೆ, ಆಯ್ಕೆಯೇ ಇಲ್ಲ. ಹೀಗಾಗಿ ಒಂದು ಬಕೆಟ್ ನೀರು ಹಿಡಿದರೆ ಲೆಕ್ಕದಲ್ಲಿ ಎರಡು ಬಕೆಟ್ ಆಗುತ್ತಿತ್ತು. ಇಂಟರಪ್ಟ್ ಬಂದಾಗ ಓಡುವ ರುಟೀನಿನೊಳಗೆ ಪಿನ್ನಿನ ಮಟ್ಟವನ್ನು ನೋಡಿ ಏರಿಕೆಯನ್ನಷ್ಟೇ ಎಣಿಸಿದ ಮೇಲೆ ಸರಿಹೋಯಿತು. ಎರಡು ಸೆನ್ಸರ್‌ಗಳವರೆಗೆ ಈ ಬೋರ್ಡನ್ನು ಧೈರ್ಯವಾಗಿ ಕೊಳ್ಳಬಹುದು. ಅದಕ್ಕಿಂತ ಹೆಚ್ಚಾದರೆ, ಅಥವಾ ಆದ್ಯತೆಯನ್ನು ನೀವೇ ನಿರ್ಧರಿಸಬೇಕಾದರೆ, ಕಾರ್ಟೆಕ್ಸ್-ಎಂ3 ಚಿಪ್ಪಿರುವ ಬೋರ್ಡನ್ನು ನೋಡಿ.